ಹಲಸಿಲ್ಲದ ರಂಝಾನ್

ಏಪ್ರಿಲ್ 12, 2026, ಭಾನುವಾರ

ಮಾಮಿಯನ್ನು, ಅಂದರೆ ನನ್ನ ಅತ್ತೆಯನ್ನು, ಪುತ್ತೂರಿನ ಆಸ್ಪತ್ರೆಯಿಂದ ಸವಣೂರಿಗೆ ಕರೆತಂದೆವು. ಜೊತೆಗೆ ಒಂದು ಆಕ್ಸಿಜನ್ ಯಂತ್ರವೂ ಬಂತು. ಬೆರಳಿಗೆ ಕ್ಲಿಪ್ಪು ಹಾಕಿ ಬಂದ ಅಂಕೆಯನ್ನು ಬರೆದಿಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಮಗಳು ಹನಾನ್ ತನ್ನ ಕಾಲೇಜಿನ ಖಾಲಿ ಪುಸ್ತಕವೊಂದನ್ನು ಕೊಟ್ಟಳು. ಅಂಕೆ ಬರೆದ ಮೇಲೂ ಪುಟದ ತುಂಬ ಜಾಗ ಉಳಿಯುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಬರೆಯುವುದಕ್ಕೆ ಮಾತ್ರ ಶಾಲೆಯ ಕನ್ನಡ. ಪಿಯುಸಿ ಮುಗಿದ ಮೇಲೆ ಸಾಮಾನಿನ ಚೀಟಿ ಬಿಟ್ಟರೆ ಬೇರೇನೂ ಬರೆದವಳಲ್ಲ.

ಮಾಮಿಯ ಶ್ವಾಸಕೋಶ ಮುಕ್ಕಾಲು ಪಾಲು ಕೆಟ್ಟಿದೆಯಂತೆ. "ಇವರು ತುಂಬ ವರ್ಷ ಹೊಗೆಯಲ್ಲಿ ಕೆಲಸ ಮಾಡಿದವರಾ?" ಎಂದು ಡಾಕ್ಟರು ಕೇಳಿದರು. ಹೊಗೆಯಲ್ಲಿ ಕೆಲಸ ಮಾಡುವವಳು ನಾನು, ಇವರು ಒಳಮನೆ ಬಿಟ್ಟು ಹೊರಗೆ ಬಂದದ್ದೇ ಕಡಿಮೆ ಎಂದೆ. ಮಾಮಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ಮನೆಗೆ ಬಂದು ಇನ್ನೂ ಉಸಿರು ಸರಿಯಾಗಿ ಸಿಕ್ಕಿಲ್ಲ, "ಇವತ್ತಿನ ಬನ್ನು ಎಲ್ಲಿ?" ಎಂದು ಕೇಳಿದರು. ಇದೊಂದು ನಿತ್ಯದ ಹಿಂಸೆ. ಬೆಳಿಗ್ಗೆ ಬೋರ್ಮದಿಂದ, ಅಂದರೆ ನಮ್ಮ ಬೇಕರಿಯ ಕಟ್ಟಿಗೆ ಒಲೆಯಿಂದ, ತೆಗೆದ ಮೊದಲ ಎಲೆ ಬನ್ನು ಅವರ ಕೋಣೆಗೆ ಹೋಗಬೇಕು. ಎಲೆ ಬಿಡಿಸಿ ಒಂದು ತುಂಡು ಬಾಯಿಗೆ ಹಾಕಿ ಉಳಿದದ್ದನ್ನು ತಟ್ಟೆಯಲ್ಲಿ ಬಿಡುತ್ತಾರೆ. ಆಮೇಲೆ ತೀರ್ಪು. ಬೆಲ್ಲ ಜಾಸ್ತಿ. ಎಲೆ ಒಣಗಿದೆ. ಇವತ್ತು, "ಅಡಿ ಸೀದಿದೆ." ಮದುವೆಯಾಗಿ ಬಂದ ದಿನದಿಂದ ಕೇಳುತ್ತಿದ್ದೇನೆ, ಒಂದು ದಿನವಾದರೂ ಚೆನ್ನಾಗಿದೆ ಎಂಬ ಮಾತಿಲ್ಲ. ನನ್ನನ್ನು ಹೆತ್ತ ಉಮ್ಮ ನಾನು ಸಣ್ಣವಳಿರುವಾಗಲೇ ತೀರಿಹೋದವರು. ಇಲ್ಲಿ ಬಂದರೆ ಇನ್ನೊಬ್ಬ ಉಮ್ಮ ಸಿಗುತ್ತಾರೆ ಎಂದು ಆಗ ಯಾರೋ ಹೇಳಿದ್ದರು.

ಏಪ್ರಿಲ್ 16

ಗಲ್ಫಿನ ಜುಬೈಲಿನಲ್ಲಿ ಕೆಲಸಕ್ಕಿರುವ ನನ್ನ ಗಂಡ ಸುಹೈಬರ ಫೋನು. ಜೂನಿನಲ್ಲಿ ಪುತ್ತೂರಿನಲ್ಲಿ ಹಲಸಿನ ಮೇಳ ಮಾಡುವವರು ಈ ಸಲ ನಮ್ಮ ಎಲೆ ಬನ್ನಿಗೆ ಐವತ್ತು ವರ್ಷದ ಸನ್ಮಾನ ಇಟ್ಟಿದ್ದಾರಂತೆ. ಶಾಲು, ಫಲಕ, ಫಲಕದಲ್ಲಿ ಮಾಮನ ಹೆಸರು. ಮಾಮ ಎಂದರೆ ಸುಹೈಬರ ಅಪ್ಪ ಸಲಾಂ ಬ್ಯಾರಿ. ಅವರು ತೀರಿ ಹದಿನೈದು ವರ್ಷವಾಗಿರಬಹುದು.

ಕಥೆ ನಮ್ಮ ಅಂಗಡಿಯ ಬೋರ್ಡಿನ ಮೇಲೆಯೇ ಉಂಟು. 1976ನೇ ಇಸವಿ, ರಂಝಾನ್ ತಿಂಗಳು, ಜೋರು ಮಳೆ. ಬೋರ್ಮದ ಹಿಂದಿನ ಮರದಿಂದ ಹಲಸಿನ ಹಣ್ಣೊಂದು ಬಿದ್ದು ಒಡೆಯಿತು. ಒಡೆದ ಹಣ್ಣನ್ನು ಮಾರುವಂತಿಲ್ಲ, ಬಿಸಾಡಲು ಮನಸ್ಸಿಲ್ಲ. ಸಲಾಂ ಬ್ಯಾರಿ ತೊಳೆ ಬಿಡಿಸಿ ಬೆಲ್ಲ ಕಾಯಿ ಸೇರಿಸಿ ಬನ್ನಿನ ಹಿಟ್ಟಿನೊಳಗಿಟ್ಟು, ತೇಗದ ಎಳೆ ಎಲೆಯಲ್ಲಿ ಸುತ್ತಿ ಬೋರ್ಮಕ್ಕೆ ದೂಡಿದರು. ಸಂಜೆ ಮಸೀದಿಯಲ್ಲಿ ಉಪವಾಸ ಬಿಡುವಾಗ ಊರೇ ತಿಂದಿತು. ಈಗ ನೆಟ್ಟಣದಲ್ಲಿ ರೈಲು ಇಳಿದ ಯಾತ್ರಿಕರೂ ಬುಟ್ಟಿಗಟ್ಟಲೆ ಕೊಳ್ಳುತ್ತಾರೆ. ಹೊದಿಕೆಯ ಎಲೆ ಬಿಡಿಸಿದರೆ ಬನ್ನು ಮದರಂಗಿ ಹಾಕಿದ ಕೈಯಂತೆ ಕೆಂಪಗಿರುತ್ತದೆ, ಅದೇ ಅದರ ಗುರುತು.

ಐವರ್ನಾಡಿನ ಹರಿಪ್ರಸಾದ್ ಮೇಳದವರಿಗೆ ತಕರಾರು ಬರೆದಿದ್ದಾರಂತೆ. ಅವರ ತಂದೆ ಬೋಜಪ್ಪ ಹಿಂದೆ ನಮ್ಮಲ್ಲಿ ಕೆಲಸಕ್ಕಿದ್ದವರು. ಎಲೆ ಬನ್ನು ಕಂಡುಹಿಡಿದದ್ದು ಬೋಜಪ್ಪನೇ ಎನ್ನುವುದು ಮಗನ ವಾದ. ಐವರ್ನಾಡಿನಲ್ಲಿ ಅವರದ್ದೂ ಬೇಕರಿ ಉಂಟು, ಅಲ್ಲೂ ಎಲೆ ಬನ್ನು ಉಂಟು. ನಾವು ಎಂದಾದರೂ ಬೇಡ ಅಂದಿದ್ದೇವಾ?

"ನೀನು ಮಾತಾಡಿ ಸರಿ ಮಾಡು, ನಾನು ಇಲ್ಲಿಂದ ಎಂತ ಮಾಡುದು?" ಎಂದರು ಸುಹೈಬ್.

ಸಂಜೆ ಮೇಳದವರೂ ಫೋನು ಮಾಡಿದರು. ಮೊದಲ ಮಾತೇ, "ಮಾಲಕರಿಲ್ವಾ?" ಇಲ್ಲ ಎಂದೆ. ಇದನ್ನು ಹೇಳಿ ಹೇಳಿ ನಾಲಿಗೆಗೆ ಅಭ್ಯಾಸವಾಗಿದೆ.

ಏಪ್ರಿಲ್ 25

ಹನಾನ್ ಮೇಳಕ್ಕೆಂದು ಒಂದು ವೀಡಿಯೊ ಮಾಡುತ್ತಿದ್ದಾಳೆ. ಮಧ್ಯಾಹ್ನ ಮೊಬೈಲು ಹಿಡಿದು ಅಡುಗೆಮನೆಗೆ ಬಂದಳು.

"ಉಮ್ಮ, 1976ರಲ್ಲಿ ರಂಝಾನ್ ಯಾವಾಗ ಬಂದದ್ದು ಗೊತ್ತುಂಟಾ?"

"ರಂಝಾನ್ ತಿಂಗಳಲ್ಲೇ ಬಂದದ್ದು."

"ತಮಾಷೆ ಅಲ್ಲ. ಆಗಸ್ಟ್ ಕೊನೆಗೆ ಶುರು. ಸೆಪ್ಟೆಂಬರ್ ಪೂರ ಉಪವಾಸ. ಸೆಪ್ಟೆಂಬರಿನಲ್ಲಿ ಎಲ್ಲಿಯ ಹಲಸು?"

ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ರಂಝಾನ್ ವರ್ಷ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ ಎಂದು ಮಕ್ಕಳಿಗೂ ಗೊತ್ತು. ನಾನೇ ಸುಡುವ ಬಿಸಿಲಿನಲ್ಲೂ, ಮಳೆಯಲ್ಲೂ, ಚಳಿಯಲ್ಲೂ ಉಪವಾಸ ಹಿಡಿದಿದ್ದೇನೆ. ಹಲಸು ಮಾತ್ರ ಸರಿಯುವುದಿಲ್ಲ. ಜುಲೈ ನಡುವಿಗೆ ಆಟಿ ತಿಂಗಳು ಬಂತೆಂದರೆ ಮರ ಖಾಲಿ. ಇಷ್ಟು ವರ್ಷ ದಿನಾ ಆ ಬೋರ್ಡಿನ ಕೆಳಗೆ ನಡೆದಿದ್ದೇನೆ, ಎರಡನ್ನೂ ಸೇರಿಸಿ ಒಮ್ಮೆಯೂ ಯೋಚಿಸಿಲ್ಲ. ಗಿರಾಕಿಗಳಿಗೆ ಅದೇ ಕಥೆಯನ್ನು ಮಳೆಯ ಸದ್ದು ಸಮೇತ ಹೇಳಿದವಳು ನಾನು.

ಬೆರಟಿ ಹಾಕಿರಬಹುದು ಎಂದೆ. ಹಣ್ಣನ್ನು ಬೆಲ್ಲದಲ್ಲಿ ಕಾಯಿಸಿ ಭರಣಿಯಲ್ಲಿಟ್ಟರೆ ವರ್ಷವಿಡೀ ಇರುತ್ತದಲ್ಲ.

"ಹಾಗಾದರೆ ಮರದಿಂದ ಬಿದ್ದದ್ದು ಬೆರಟಿಯಾ?" ಎಂದಳು.

ಬಾಯಿ ಮುಚ್ಚು ಎಂದು ಗದರಿದೆ. ಪಾಪ, ಅವಳ ತಪ್ಪೇನು?

ಏಪ್ರಿಲ್ 26

ಬನ್ನು ಕಳಿಸಿದೆ. ತೀರ್ಪು: "ಕಾಯಿ ಹಳತು." ಹಳತೇ ಆಗಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

ಮೇ 3, ಭಾನುವಾರ

ಹರಿಪ್ರಸಾದ್ ತಾವಾಗಿಯೇ ಬಂದರು. ಜಗಳಕ್ಕೆ ತಯಾರಾಗಿ ನಿಂತಿದ್ದೆ. ಮನುಷ್ಯ ಚಪ್ಪಲಿ ಹೊರಗೆ ಬಿಟ್ಟು, ಬೆಂಚಿನ ತುದಿಯಲ್ಲಿ ಕೂತು, ಮೊದಲು ಮಾಮಿಯ ಆರೋಗ್ಯ ಕೇಳಿದರು.

"ಶಾಹಿದಕ್ಕ, ನಾನು ಜಗಳಕ್ಕೆ ಬಂದದ್ದಲ್ಲ ಮಾರಾಯ್ರೆ. ಫಲಕದಲ್ಲಿ ನನ್ನ ಅಪ್ಪನ ಹೆಸರು ಒಂದು ಸಾಲಾದ್ರೂ ಬರಬೇಕು ಅಂತ ಆಸೆ. ನಿಮ್ಮ ಮಾವ ಎಪ್ಪತ್ತೇಳಕ್ಕೆ ಗಲ್ಫಿಗೆ ಹೋದವರು, ಪೂರ್ತಿ ವಾಪಸು ಬಂದದ್ದು ಎಂಬತ್ನಾಲ್ಕಕ್ಕೆ. ಆ ಏಳು ವರ್ಷ ಈ ಬೋರ್ಮ ಉರಿಸಿದ್ದು ಯಾರು? ನನ್ನ ಅಪ್ಪ. ಎಲೆ ಬನ್ನು ಮೊದಲು ಕಂಡದ್ದು ಆಗ ಅಂತ ನಮ್ಮ ಕಡೆಯ ಹಿರಿಯರೆಲ್ಲ ಹೇಳ್ತಾರೆ."

"ನಿಮ್ಮ ಅಪ್ಪ ಹಾಗೆ ಹೇಳಿದ್ದಾರಾ?" ಎಂದು ಕೇಳಿದೆ.

"ಅಪ್ಪ ಅದರ ಸುದ್ದಿಯೇ ಎತ್ತುತ್ತಿರಲಿಲ್ಲ. ಕೇಳಿದರೆ ಎದ್ದು ಹೋಗುದು."

ಹನಾನ್ ಹೇಳಿದ್ದನ್ನು ನಾನು ಬಾಯಿ ಬಿಡಲಿಲ್ಲ. ಆದರೆ ಅವರು ಹೋದ ಮೇಲೆ ಹನಾನಳ ಹತ್ತಿರ ಇನ್ನೊಂದು ಲೆಕ್ಕ ಹಾಕಿಸಿದೆ. ರಂಝಾನೂ ಹಣ್ಣು ಹಲಸೂ ಮಳೆಯೂ ಒಟ್ಟಿಗೆ ಬಂದದ್ದು ಯಾವಾಗ? ಎಂಬತ್ತೆರಡು, ಎಂಬತ್ಮೂರು ಎಂದಳು. ಆಗ ಮಾಮ ಗಲ್ಫಿನಲ್ಲಿ. ಅಂದರೆ ಹರಿಪ್ರಸಾದ್ ಹೇಳುವುದೇ ಸರಿ. ನಮ್ಮ ಬೋರ್ಡು, ನಮ್ಮ ಹೆಸರು, ಮಾಮನ ಫಲಕ, ಎಲ್ಲ ಸುಳ್ಳಿನ ಮೇಲೆ ನಿಂತಿದೆ. ಊಟ ಸೇರಲಿಲ್ಲ.

ಮೇ 9

ಮಾಮಿಗೆ ಇನ್ನು ತಾವೇ ಸ್ನಾನ ಮಾಡಲು ಆಗುವುದಿಲ್ಲ. ಇಷ್ಟು ದಿನ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು, ಇವತ್ತು ನಾನೇ ಒಳಗೆ ಹೋದೆ. ಎಂಥ ಸೆಖೆಯಲ್ಲೂ ಮಣಿಕಟ್ಟಿನ ತನಕ ತೋಳಿನ ಕುಪ್ಪಾಯ ಹಾಕುವವರು, ಮನೆಯೊಳಗೂ. ಭಾರಿ ಮರ್ಯಾದೆಯ ಹೆಂಗಸು ಎಂದು ಊರಿನಲ್ಲಿ ಹೆಸರು.

ಕುಪ್ಪಾಯ ತೆಗೆದಾಗ ಬಲಗೈಯ ಒಳಬದಿ ಕಂಡಿತು. ಮೊಣಕೈಯಿಂದ ಮಣಿಕಟ್ಟಿನ ತನಕ ಅಡ್ಡಡ್ಡ ಗೆರೆ, ಒಂದರ ಮೇಲೆ ಒಂದು, ಹಳೆಯದಾಗಿ ಬೆಳ್ಳಗಾದ ಸುಟ್ಟ ಗಾಯಗಳು.

ನನ್ನ ಕೈಯಲ್ಲೂ ಅವೇ ಇವೆ. ಉದ್ದ ಹಿಡಿಯ ಹಲಗೆಯನ್ನು ಬೋರ್ಮದ ಒಳಕ್ಕೆ ದೂಡಿ ಎಳೆಯುವಾಗ ಬಾಯಿಯ ಕಬ್ಬಿಣದ ಪಟ್ಟಿ ತಾಗಿ ಆಗುವಂಥವು. ಬೇರೆ ಯಾವ ಒಲೆಯಲ್ಲೂ ಆ ಜಾಗದಲ್ಲಿ ಸುಡುವುದಿಲ್ಲ. ಇಷ್ಟು ಗೆರೆ ಬೀಳಬೇಕಾದರೆ ವರ್ಷಗಟ್ಟಲೆ ಬೇಕು.

ನಾನು ನೋಡಿದ್ದನ್ನು ಅವರೂ ನೋಡಿದರು. ನೀರು ಹೊಯ್ದೆ.

ಮೇ 10

ನಿದ್ದೆ ಇಲ್ಲ. ಡಾಕ್ಟರು ಕೇಳಿದ ಹೊಗೆಯ ಪ್ರಶ್ನೆಯೇ ಕಿವಿಯಲ್ಲಿ.

ಮೇ 18, ಸೋಮವಾರ

ಕೇಳಿದೆ. ಎಂಟು ದಿನ ಮುಂದೂಡಿದ್ದೆ. ಬೆಳಿಗ್ಗೆ ಬನ್ನು ತೆಗೆದುಕೊಂಡು ಹೋಗಿ ತಟ್ಟೆ ಕೆಳಗಿಟ್ಟು, "ಮಾಮಿ, 1976ರ ರಂಝಾನಿನಲ್ಲಿ ಹಲಸು ಎಲ್ಲಿತ್ತು?" ಎಂದೆ.

ಸಿಟ್ಟು ಬರುತ್ತದೆ ಎಂದುಕೊಂಡೆ. ಅವರ ಮುಖದಲ್ಲಿ ಬಂದದ್ದು ನಗು.

"ಬಾಗಿಲು ಹಾಕಿ ಬಾ" ಎಂದರು.

ಅವರು ಹೇಳಿದ್ದು ಬ್ಯಾರಿಯಲ್ಲಿ, ಉಸಿರು ಎಳೆದುಕೊಂಡು, ನಡುನಡುವೆ ನಿಲ್ಲಿಸಿ. ನನಗೆ ಬರುವ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಾಮ ಗಲ್ಫಿಗೆ ಹೋಗುವಾಗ ಬೇಕರಿಯನ್ನು ಅವರ ಅಣ್ಣನಿಗೆ ಒಪ್ಪಿಸಿ ಹೋದರಂತೆ. ಅಣ್ಣ ಆರು ತಿಂಗಳಿಗೇ ಬಿಟ್ಟು ಹೋದ. ಹತ್ತೊಂಬತ್ತರ ಮಾಮಿ ಬೋರ್ಮ ಆರದ ಹಾಗೆ ನೋಡಿಕೊಂಡರು. ಕಟ್ಟಿಗೆ ಒಡೆಯುವ ಕೆಲಸಕ್ಕೆ ಬಂದಿದ್ದ ಬೋಜಪ್ಪ ಬೆಂಕಿ ಹಾಕುವುದು, ಮಾಮಿ ಹಿಟ್ಟು ನಾದಿ ಬೇಯಿಸುವುದು. ಊರು ಏಳುವ ಮೊದಲು ಮುಗಿಸಿ ಮಾಮಿ ಒಳಗೆ, ಬೋಜಪ್ಪ ಅಂಗಡಿಯ ಎದುರಿಗೆ. ಹಾಗಾಗಿ ಗಿರಾಕಿಗಳು ಕಂಡದ್ದು ಬೋಜಪ್ಪನನ್ನು ಮಾತ್ರ.

"ಸುಹೈಬ್ ಹುಟ್ಟಿ ನಲವತ್ತು ದಿನ ತುಂಬಿದ ವಾರ. ರಂಝಾನ್. ಹೆತ್ತ ಮೈ, ನನಗೆ ಇನ್ನೂ ಉಪವಾಸ ಶುರುವಾಗಿರಲಿಲ್ಲ, ಹಸಿವೆ ಅಂದರೆ ಹಸಿವೆ. ಹಣ್ಣು ಬಿತ್ತು. ಬೋಜಪ್ಪ ದನಕ್ಕೆ ಹಾಕ್ತೇನೆ ಅಂದ. ಕೊಡು ಇಲ್ಲಿ ಅಂದೆ. ನಾನು ತಿನ್ನಲಿಕ್ಕೆ ಮಾಡಿದ್ದು ಮೋಳೆ, ನನ್ನ ಹಸಿವೆಗೆ. ಉಳಿದದ್ದು ಸಂಜೆ ಮಸೀದಿಗೆ ಹೋಯಿತು."

ಮೋಳೆ, ಮಗಳೇ ಎಂದು ಅವರು ನನ್ನನ್ನು ಕರೆದದ್ದು ಇದೇ ಮೊದಲು.

ಬನ್ನಿಗೆ ಹೆಸರು ಬಂದ ಹಾಗೆ ಊರಿನ ಬಾಯಿಯೂ ಬಿಚ್ಚಿತಂತೆ. ಗಂಡ ದೂರದಲ್ಲಿ, ತೊಟ್ಟಿಲಲ್ಲಿ ಮಗು, ಬೋರ್ಮದ ಎದುರು ಪರಗಂಡಸು. ಮಾಮ ಹಿಂದಿನ ವರ್ಷ ಪೆರ್ನಾಲ್ ಹಬ್ಬಕ್ಕೆ ಬಂದು ಹೋಗಿದ್ದರು, ತಿಂಗಳು ಎಣಿಸಿದರೆ ಯಾರಿಗೂ ಗೊತ್ತಾಗುವ ವಿಷಯ. ಎಣಿಸುವ ಮನಸ್ಸು ಬೇಕಲ್ಲ. ಬೋಜಪ್ಪ ತಾನಾಗಿಯೇ ಕೆಲಸ ಬಿಟ್ಟು ಐವರ್ನಾಡಿಗೆ ಹೋದರು. ಎಂಬತ್ನಾಲ್ಕಕ್ಕೆ ಮಾಮ ಊರಿಗೇ ಬಂದು ನಿಂತರು. ಹೆಂಡತಿಯನ್ನು ಒಂದು ಮಾತೂ ಕೇಳಲಿಲ್ಲ. ಬೋರ್ಡು ಬರೆಸುವ ದಿನ ಮಾತ್ರ, ಇದು ಯಾರು ಮಾಡಿದ್ದು ಅಂತ ಜನ ಕೇಳಿದರೆ ಎಂತ ಹೇಳುದು ಎಂದು ಕೇಳಿದರಂತೆ.

"ನೀವು ಮಾಡಿದ್ದು ಅಂತ ಹೇಳಿ, ಗಲ್ಫಿಗೆ ಹೋಗುವ ಮೊದಲು ಮಾಡಿದ್ದು ಅಂತ ಹೇಳಿ ಅಂದೆ. ಎಪ್ಪತ್ತಾರರಲ್ಲಿ ಬೋಜಪ್ಪನೂ ಇಲ್ಲ, ಮಗುವೂ ಇಲ್ಲ. ಯಾರೂ ಏನೂ ಹೇಳುವ ಹಾಗಿಲ್ಲ. ಅವತ್ತಿನಿಂದ ನಾನು ಬೋರ್ಮದ ಕೋಣೆಗೆ ಕಾಲಿಟ್ಟಿಲ್ಲ."

ಕಣ್ಣು ಒರೆಸಿಕೊಳ್ಳುತ್ತ ಕೇಳಿದೆ, ಹಲಸಿನ ಕಾಲ ನೆನಪಾಗಲಿಲ್ಲವಾ ಆಗ?

"ಹಲಸಿನ ಕಾಲ ಮರೆಯುವ ಹೆಂಗಸು ಉಂಟಾ?" ಎಂದರು. "ರಂಝಾನ್ ಅಂತ ಹೇಳದಿದ್ದರೂ ಆಗ್ತಿತ್ತು. ಹೇಳಿದೆ. ಹಣ್ಣು ಬಿದ್ದದ್ದೂ ಹೇಳಿದೆ. ಬೇಕೆಂತಲೇ ಹೇಳಿದ್ದು. ಒಂದಲ್ಲ ಒಂದು ದಿನ ಯಾರಾದರೂ ಓದಿ, ಇದು ಹೇಗೆ ಅಂತ ಕೇಳಿಯಾರು ಅಂತ. ನಿನ್ನ ಮಾಮ ದಿನಾ ಆ ಬೋರ್ಡು ಒರೆಸುತ್ತಿದ್ದರು. ಕೇಳಲಿಲ್ಲ. ಸುಹೈಬ್ ಕೇಳಲಿಲ್ಲ. ಕೇಳಿದ್ದರೆ ಹೇಳ್ತಿದ್ದೆ."

ನಾನೂ ಕೇಳಲಿಲ್ಲ ಮಾಮಿ, ನಾನೂ ಇಷ್ಟು ವರ್ಷ ಕೇಳಲಿಲ್ಲ ಎಂದೆ.

"ಈಗ ಕೇಳಿದೆಯಲ್ಲ" ಎಂದು ತಟ್ಟೆ ಎಳೆದುಕೊಂಡರು. ಬನ್ನು ತಣ್ಣಗಾಗಿತ್ತು. ಅದನ್ನೂ ಹೇಳಿದರು.

ಮೇ 24

ಸುಹೈಬರಿಗೆ ಎಲ್ಲ ಹೇಳಿದೆ. "ನಾನು ಹುಟ್ಟಿದ ವರ್ಷ ಅಲ್ವಾ ಅದು" ಎಂದರು. ಹೌದೆಂದೆ.

"ಈಗ ಎಂಬತ್ತೆರಡು ಅಂತ ಬರೆಸಿದರೆ ಹಳಬರು ಪುನಃ ಶುರು ಮಾಡ್ತಾರೆ. ಉಮ್ಮ ಮುಚ್ಚಿಟ್ಟದ್ದೇ ಅದಕ್ಕಲ್ವಾ? ಎಪ್ಪತ್ತಾರು ಇರಲಿ ಶಾಹಿದಾ. ಹರಿಪ್ರಸಾದಿಗೆ ಎಂತಾದ್ರೂ ಹೇಳು."

ಫೋನಿನ ನಂತರ ಮಾಮಿಯ ಹತ್ತಿರ ಹೋಗಿ ಕೂತೆ. ಕೇಳಿಸಿಕೊಂಡಿದ್ದರು. "ಅವನಿಗೆ ಬೇಸರ ಆಗುದಾದರೆ ಬೋರ್ಡು ಹಾಗೇ ಇರಲಿ" ಎಂದರು. ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದರು. ಒಬ್ಬರಾದರೂ ಕೇಳಲಿ ಎಂದು ನಲವತ್ತು ವರ್ಷ ಕಾದವರು, ಒಂದು ವಾರದಲ್ಲಿ ಮಗನಿಗಾಗಿ ಮತ್ತೆ ಬಿಟ್ಟುಕೊಟ್ಟರು. ನನಗೆ ತಡೆಯಲಾಗುತ್ತಿಲ್ಲ. ಇದು ಅವರ ಹೆಸರು. ಅವರು ಬದುಕಿರುವಾಗಲೇ ಅವರಿಗೆ ಸಿಗಬೇಕು.

ಮೇ 30

ಬಕ್ರೀದ್ ಕಳೆಯಿತು. ಅಂಗಡಿಗೆ ರಜೆ ಇತ್ತು, ಇವತ್ತು ಪುನಃ ಬೆಂಕಿ ಹಾಕಿದೆ. ಬೆಳಿಗ್ಗೆ ಏನನ್ನಿಸಿತೋ, ಕೋಣೆಗೆ ಹೋಗಿ, "ಬರ್ತೀರಾ?" ಎಂದೆ. ಎಲ್ಲಿಗೆ ಎಂದು ಅವರು ಕೇಳಲಿಲ್ಲ.

ಬೆಂಕಿ ಇರುವಲ್ಲಿಗೆ ಆಕ್ಸಿಜನ್ ಒಯ್ಯಬಾರದು. ಕೆಂಡ ಎಲ್ಲ ಹೊರಗೆಳೆದು ಹೊಗೆ ಹೋಗುವವರೆಗೆ ಕಾದೆ, ಮೂಗಿನ ನಳಿಗೆ ತೆಗೆದೆ, ಹನಾನ್ ಮತ್ತು ನಾನು ಕುರ್ಚಿಯಲ್ಲೇ ಎತ್ತಿಕೊಂಡು ಹೋದೆವು. ಬಾಗಿಲು ದಾಟುವಾಗ ಉಮ್ಮ (ಇನ್ನು ಮಾಮಿ ಎಂದು ಬರೆಯಲು ಕೈ ಬರುತ್ತಿಲ್ಲ) ಬಲಗಾಲು ಮೊದಲು ಕೆಳಗಿಟ್ಟು, ಬಿಸ್ಮಿ ಹೇಳಿ, ಮತ್ತೆ ಒಳಗೆ ಬಂದರು.

ನಾನು ಕೈ ಒಡ್ಡಿ ಅಂದಾಜಿನಲ್ಲಿ ಕಾವು ನೋಡುವವಳು. ಅವರು ಒಂದು ಚಿಟಿಕೆ ಮೈದಾ ತೆಗೆದು ಬೋರ್ಮದ ನೆಲಕ್ಕೆ ಎಸೆದರು. ಹಿಟ್ಟು ಬೇಗ ಕಪ್ಪಾಯಿತು. "ಇನ್ನು ಸ್ವಲ್ಪ ಇಳಿಯಲಿ" ಎಂದರು. ಎರಡನೇ ಸಲ ಎಸೆದದ್ದು ನಿಧಾನಕ್ಕೆ ಗೋಧಿ ಬಣ್ಣಕ್ಕೆ ತಿರುಗಿತು. "ಈಗ ಇಡು."

ಅಡಿ ಸೀಯುವುದು ಯಾಕೆ ಎಂದು ಈಗ ತಿಳಿಯಿತು. ಇಷ್ಟು ವರ್ಷ ನಾನು ಆತುರದಲ್ಲಿ ಇಡುತ್ತಿದ್ದೆ.

ಮೊದಲ ಬನ್ನನ್ನು ಅಲ್ಲೇ ಬಿಡಿಸಿ ಕೊಟ್ಟೆ. ಒಂದು ತುಂಡು ತಿಂದರು. ಇನ್ನೊಂದು ತಿಂದರು. ಪೂರ್ತಿ ತಿಂದು ಎಲೆಗೆ ಅಂಟಿದ್ದನ್ನೂ ಬೆರಳಲ್ಲಿ ತೆಗೆದು ತಿಂದರು. ಇವತ್ತು ತೀರ್ಪಿಲ್ಲ.

ಜೂನ್ 6, ಶನಿವಾರ

ಮಳೆ ಹಿಡಿದಿದೆ. ಮಧ್ಯಾಹ್ನ ಹರಿಪ್ರಸಾದ್ ತಮ್ಮ ಅಮ್ಮ ಕಮಲಾವತಿಯವರನ್ನು ಕರೆದುಕೊಂಡು ಬಂದರು. ಕಾಯಿಲೆ ನೋಡಲು ಎಂದರು. ಒಂದು ಹಿಡಿ ಎಳೆ ತೇಗದ ಎಲೆ ತಂದಿದ್ದರು, ಹೂ ಹಣ್ಣು ತರುವ ಹಾಗೆ.

ಇಬ್ಬರೂ ನಲವತ್ತು ವರ್ಷದಿಂದ ಎದುರುಬದುರು ಕೂತಿಲ್ಲ. ತುಳುವಿನಲ್ಲಿ ಶುರು ಮಾಡಿದರು. ಮೊಮ್ಮಕ್ಕಳು, ಮಂಡಿನೋವು, ಸಕ್ಕರೆ ಕಾಯಿಲೆ. ಆಮೇಲೆ ಕಮಲಾವತಿಯಮ್ಮ ಉಮ್ಮನ ಬಲಗೈ ಹಿಡಿದುಕೊಂಡು ತೋಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿದರು. ಉಮ್ಮ ತಡೆಯಲಿಲ್ಲ.

"ಹರೀ, ಇಲ್ಲಿ ಬಾ" ಎಂದರು ಮಗನಿಗೆ. "ನಿನ್ನ ಅಪ್ಪನ ಕೈ ನೀನು ನೋಡಿದ್ದೀ ಅಲ್ವಾ? ಅಂಗೈ ತುಂಬ ಕೊಡಲಿಯ ಜಡ್ಡು. ಈ ಗೆರೆ ಇತ್ತಾ?"

ಹರಿಪ್ರಸಾದ್ ಇಲ್ಲವೆಂದು ತಲೆಯಾಡಿಸಿದರು.

"ಬೋರ್ಮಕ್ಕೆ ಕೈ ಹಾಕಿದ್ದು ಇವರು. ನಿನ್ನ ಅಪ್ಪ ಕಟ್ಟಿಗೆ ಒಡೆದದ್ದು, ಬೆಂಕಿ ಹಾಕಿದ್ದು, ಮಾರಿದ್ದು. ಮೊದಲ ದಿನ ನನಗೂ ಒಂದು ಬನ್ನು ತಂದಿದ್ದರು. ನೆಬೀಸಕ್ಕ ಎಂತದೋ ಮಾಡಿದ್ದಾರೆ, ತಿಂದು ನೋಡು ಅಂದರು. ಅವರು ಬಾಯಿ ಬಿಡದೇ ಇದ್ದದ್ದು ಇವರ ಮಾನಕ್ಕೆ. ನೀನು ಅದನ್ನೇ ಹಿಡಿದುಕೊಂಡು ತಕರಾರು ಬರೆದಿ."

ಆಮೇಲೆ ಉಮ್ಮನ ಕಡೆ ತಿರುಗಿ, "ಆಗ ಊರಿನವರು ಹೇಳಿದ್ದನ್ನು ನಾನು ಒಂದು ದಿನವೂ ನಂಬಲಿಲ್ಲ ಅಕ್ಕ. ಬಂದು ಹೇಳಬೇಕಿತ್ತು. ಹೇಳಲಿಲ್ಲ" ಎಂದರು. ಉಮ್ಮ ಅವರ ಕೈ ಬಿಡಲೇ ಇಲ್ಲ. ಹೊರಡುವಾಗ ಬಿಡಿಸಿಕೊಳ್ಳಬೇಕಾಯಿತು.

ಹೊರಗೆ ಹರಿಪ್ರಸಾದ್ ಕೊಡೆ ಬಿಚ್ಚಿ ಮಳೆ ನೋಡುತ್ತ ನಿಂತರು. "ನಾನು ತಕರಾರು ವಾಪಸು ತಗೊಳ್ತೇನೆ. ಆದರೆ ಫಲಕದಲ್ಲಿ ಎಂತ ಬರೆಸುದು ಅಂತ ನೀವು ಯೋಚಿಸಿ ಶಾಹಿದಕ್ಕ" ಎಂದರು.

ಸುಹೈಬರಿಗೆ ಇದನ್ನೂ ಹೇಳಿದೆ.

ಜೂನ್ 9

ಉಮ್ಮ ಹೋದರು. ಬೆಳಿಗ್ಗೆ ಬನ್ನು ತೆಗೆದುಕೊಂಡು ಹೋದಾಗ ಕಣ್ಣು ತೆರೆದು ನೋಡಿದರು. ತಿನ್ನಲಾಗಲಿಲ್ಲ. ಮೂಗಿನ ಹತ್ತಿರ ಹಿಡಿದೆ. ಸಂಜೆಗೆ ಮೊದಲು, ಅಸರ್ ನಮಾಝಿನ ಹೊತ್ತಿಗೆ ಉಸಿರು ನಿಂತಿತು.

ಜೂನ್ 11

ಸುಹೈಬ್ ಬಂದರು. ಮಣ್ಣಾದ ಮೇಲೆ. ಕಬರಿನ ಹತ್ತಿರ ಹೋಗಿ ಬಂದವರು ಅಂಗಡಿಯ ಎದುರು ನಿಂತು ಬೋರ್ಡನ್ನು ನೋಡುತ್ತಿದ್ದರು. ಒಳಗೆ ಕರೆದರೂ ಬರಲಿಲ್ಲ. ಉಮ್ಮನ ಮೈ ತೊಳೆದವಳು ನಾನು, ಆ ಗೆರೆಗಳು ಹೇಗಿದ್ದವು ಎಂದು ಸಂಜೆ ಕೇಳಿದರು. ನನ್ನ ಕೈ ತೋರಿಸಿ ಹೀಗೆಯೇ ಇದ್ದವು ಎಂದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನ ಕೈಯನ್ನು ಸರಿಯಾಗಿ ನೋಡಿದ್ದು ಇವತ್ತು.

ಜೂನ್ 21, ಭಾನುವಾರ

ಮೇಳಕ್ಕೆ ಹೋಗುವುದು ಬೇಡ ಎಂದಿದ್ದೆ. ಸುಹೈಬರೇ ಹೊರಟರು. ಪುತ್ತೂರಿನಲ್ಲಿ ಜನವೋ ಜನ, ಕೆಸರೋ ಕೆಸರು. ವೇದಿಕೆಯ ಮೇಲೆ ದೊಡ್ಡ ಬ್ಯಾನರು: "ಸಲಾಂ ಬ್ಯಾರಿಯವರ ಎಲೆ ಬನ್ನಿಗೆ ಐವತ್ತು." ಶಾಲು ಹೊದೆಸಿದರು, ಫಲಕ ಕೊಟ್ಟರು. ಎರಡು ಮಾತಾಡಿ ಎಂದು ಮೈಕು ಮುಂದಿಟ್ಟರು.

ಸುಹೈಬ್ ಭಾಷಣ ಮಾಡುವವರಲ್ಲ. ಮೈಕು ಹಿಡಿದರು. ಮುಂದಿನ ಸಾಲಿನಲ್ಲಿ ಸವಣೂರಿನ ಹಳಬರು ನಾಲ್ಕೈದು ಮಂದಿ ಕೂತಿದ್ದರು.

"ಈ ಫಲಕದಲ್ಲಿ ತಪ್ಪುಂಟು" ಎಂದರು. "ಐವತ್ತು ವರ್ಷ ಆಗ್ಲಿಲ್ಲ. ನನಗೆ ಈಗ ನಲವತ್ತ ನಾಲ್ಕು. ಬನ್ನಿಗೂ ನಲವತ್ತ ನಾಲ್ಕು. ನನ್ನ ಬಾಪ ಆಗ ಊರಿನಲ್ಲಿರಲಿಲ್ಲ. ನಮ್ಮಿಬ್ಬರನ್ನೂ ಹೆತ್ತದ್ದು ಒಬ್ಬರೇ, ನನ್ನ ಉಮ್ಮ. ಅವರ ಹೆಸರು ನೆಬೀಸ. ಬೆಂಕಿ ಹಾಕಿದ್ದು ಬೋಜಪ್ಪಣ್ಣ."

ಫಲಕವನ್ನು ಮೇಜಿನ ಮೇಲೆಯೇ ಇಟ್ಟು ಇಳಿದು ಬಂದರು.

ನಿರೂಪಣೆ ಮಾಡುವವರು ಒಳ್ಳೆಯದು, ಒಳ್ಳೆಯದು ಎಂದು ಮುಂದಿನ ಬಹುಮಾನಕ್ಕೆ ಹೋದರು. ಹಳಬರಲ್ಲಿ ಒಬ್ಬರು ತಲೆ ತಗ್ಗಿಸಿ ಕೂತಿದ್ದರು. ಕಮಲಾವತಿಯಮ್ಮ ನಮ್ಮ ಮಳಿಗೆಗೆ ಬಂದು ಸುಹೈಬರ ಬೆನ್ನು ಸವರಿ, ಒಂದು ಬನ್ನು ಕೊಂಡು ಅಲ್ಲೇ ನಿಂತು ತಿಂದರು.

ನನಗೆ ಅಳು ಬಂತು. ಹದಿನೈದು ದಿನ ಮೊದಲು ಇದಾಗಿದ್ದರೆ ಉಮ್ಮ ಕೇಳುತ್ತಿದ್ದರು. ಇದನ್ನು ಸುಹೈಬರಿಗೆ ಹೇಳಬಾರದು. ಅವರಿಗೂ ಅದೇ ಅನ್ನಿಸಿರಬೇಕು.

ಜೂನ್ 27

ಸುಹೈಬ್ ನಾಡಿದ್ದು ಹೊರಡುತ್ತಾರೆ. ಬೋರ್ಡಿನವನು ಬಂದು ಹಳೆಯದನ್ನು ಕೆರೆದು ಹೋದ. ಹೊಸತು ಮಳೆ ಬಿಟ್ಟ ಮೇಲೆ. ಕಥೆ ಹಾಗೆಯೇ ಇರಲಿ, ರಂಝಾನೂ ಹಲಸೂ ಇರಲಿ, ಹೆಸರು ಮತ್ತು ಇಸವಿ ಮಾತ್ರ ಬದಲಿಸಿ ಎಂದಿದ್ದೇನೆ. ಯಾರೋ ನೆಟ್ಟಣದಿಂದ ಫೋನು ಮಾಡಿ ಮಾಲಕರಿಲ್ವಾ ಎಂದರು. ನಾನೇ, ಹೇಳಿ ಎಂದೆ. ನೂರು ಬನ್ನು ಬೇಕಂತೆ.

ಬೆಳಿಗ್ಗೆ ಹಿಟ್ಟು ಎಸೆದು, ಗೋಧಿ ಬಣ್ಣ ಬರುವ ತನಕ ಕಾದು ಇಟ್ಟೆ. ಮೊದಲ ಬನ್ನನ್ನು ತಟ್ಟೆಗೆ ಹಾಕಿ ಕೋಣೆಯವರೆಗೂ ಹೋದೆ. ಮಂಚದ ಹಾಸಿಗೆ ಸುತ್ತಿಟ್ಟಿದೆ. ಯಂತ್ರವನ್ನು ಹಿಂದಕ್ಕೆ ಕೊಟ್ಟಾಗಿದೆ. ಮಂಚದ ತುದಿಯಲ್ಲಿ ಕೂತು ಎಲೆ ಬಿಡಿಸಿ ನಾನೇ ತಿಂದೆ.

ಬೆಲ್ಲ ಸ್ವಲ್ಪ ಜಾಸ್ತಿಯಾಗಿದೆ. ನಾಳೆ ಕಡಿಮೆ ಹಾಕಬೇಕು.